ಗೋಡೆಯ ಬೆನ್ನಿನ ಜಲ್ಲಿ

ಮಳೆಗಾಲ ಇನ್ನೇನು ಕಾಲು ಕೀಳುವ ಸಮಯ. ಬುಧವಾರ ಬೆಳಗಿನ ಬಿಸಿಲು ಮೇಲ್ಮನೆಯ ಸೂರು ದಾಟಿ ಕೆಳಮನೆಯ ಅಂಗಳಕ್ಕೆ ಇಳಿಯುವ ಹೊತ್ತು. ಬಿದ್ದ ಗೋಡೆಯ ಪಕ್ಕದಲ್ಲಿ ಇನ್ನೂ ನಿಂತಿದ್ದ ಭಾಗದ ನೀರುಕಂಡಿಗೆ ನಾನು ಒಂದು ಕಡ್ಡಿ ತೂರಿಸುತ್ತಿದ್ದೆ.

"ಏನಾದ್ರೂ ಸಿಕ್ತಾ ಅತ್ತೆ?" ಎಂದು ಹಿಂದಿನಿಂದ ಸೊಸೆ ಕೇಳಿದಳು. ಊರಿನ ಪೊಲೀಸ್ ಇನ್ಸ್‌ಪೆಕ್ಟರ್ ಅವಳೇ.

"ತಡಿ ಮಾರಾಯ್ತಿ. ನನ್ನ ಸೊಂಟ ನಿನ್ನ ಜೀಪಲ್ಲ, ಕೀಲಿ ತಿರುಗಿಸಿದ ಕೂಡ್ಲೇ ಏಳೋಕೆ."

ಮೇಲ್ಮನೆಯ ಅಂಗಳ ಕೆಳಮನೆಯ ಮೇಲೆ ಬೀಳದಂತೆ ಹಿಡಿದಿದ್ದ ಈ ತಡೆಗೋಡೆ ಸೋಮವಾರ ಕುಸಿದಿತ್ತು. ಅದಕ್ಕೆ ಒರಗಿಸಿ ಹಾಕಿದ್ದ ಶೆಡ್ಡಿನಲ್ಲಿ ಕೂತಿದ್ದ ಕೆಳಮನೆಯ ವಾಚು ರಿಪೇರಿಯವನು ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ. ಗೋಡೆ ಕಟ್ಟಿದ ಮೇಸ್ತ್ರಿ ಠಾಣೆಯ ಬೆಂಚಿನ ಮೇಲೆ ಕೂತಿದ್ದ. ಶನಿವಾರ ಸೊಸೆ ಕೋರ್ಟಿಗೆ ಕಾಗದ ಕಳಿಸಬೇಕು. ಕಳಪೆ ಕೆಲಸ ಅಂತ ಬರೆದರೆ ಅವನಿಗೆ ಜೈಲು. ಈ ವಯಸ್ಸಿನಲ್ಲಿ ಜೈಲಿಗೆ ಹೋದವನು ತಿರುಗಿ ಬಂದು ಕಲ್ಲು ಮುಟ್ಟುವುದಿಲ್ಲ.

ಮೇಸ್ತ್ರಿಗೆ ಊರೆಲ್ಲ ನಿಧಾನಪ್ಪ ಅಂತಲೇ ಕರೆಯುವುದು. ಒಂದು ಕಲ್ಲು ಕೈಗೆ ತೆಗೆದುಕೊಂಡರೆ ಹೆಣ್ಣು ನೋಡಲು ಬಂದವನ ಹಾಗೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾ ನಿಲ್ಲುವ ಜಾತಿ. ನನ್ನ ಗಂಡ, ಅವನು ಜೋಡಿಯಾಗಿ ಗೋಡೆ ಕಟ್ಟುತ್ತಿದ್ದರು. ನಾನು ಹಿಂದೆ ನಿಂತು ಗೋಡೆಯ ಬೆನ್ನಿಗೆ ಜಲ್ಲಿ ತುಂಬುತ್ತಿದ್ದೆ. ಗಂಡ ಹೋದ ಮೇಲೆ ನಾನು ಬಾಂಡ್ಲಿ ಕೆಳಗಿಟ್ಟೆ. ಇದು ಅದರ ಎಷ್ಟೋ ವರ್ಷದ ನಂತರ ನಿಧಾನಪ್ಪ ಒಬ್ಬನೇ ಕಟ್ಟಿದ ಗೋಡೆ. ಸಿಮೆಂಟು ಇಲ್ಲ. ಕಲ್ಲಿನ ಮೇಲೆ ಕಲ್ಲು ಕೂರಿಸಿ, ಗುಡ್ಡದ ಕಡೆಗೆ ಒಂಚೂರು ವಾಲಿಸಿದ್ದು.

ಇಳಿಜಾರು ಅಂಗಳದ ಗೋಡೆಗೆ ಮಣ್ಣಿಗಿಂತ ನೀರು ದೊಡ್ಡ ಶತ್ರು. ಹಿಂದೆ ನಿಂತ ಮಳೆನೀರು ಜಲ್ಲಿಯ ಸಂದಿನಲ್ಲಿ ಇಳಿದು ಹೊರಗೆ ಬರಲಿ ಅಂತಲೇ ಅಲ್ಲಲ್ಲಿ ಕಂಡಿ ಬಿಟ್ಟಿರುತ್ತಾರೆ. ಮಳೆಗೆ ಮುಂಚೆ ಅವುಗಳ ಬಾಯಿ ಬಿಡಿಸಿಟ್ಟರೆ ಗೋಡೆ ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. ಮರೆತರೆ ಒಳಗೆ ನೀರು ನಿಂತು ಗೋಡೆಗೂ ಹೊಟ್ಟೆ ಬರುತ್ತದೆ.

ಯಾರೋ ಕಂಡಿ ಮುಚ್ಚಿದ್ದಾರೆ ಅಂತ ನಾನು ಹಿಂದಿನ ದಿನದಿಂದ ಪಟ್ಟು ಹಿಡಿದಿದ್ದೆ. ಕಡ್ಡಿ ಸಲೀಸಾಗಿ ಒಳಗೆ ಹೋಯಿತು. ಪಕ್ಕದ ಕಂಡಿಯಲ್ಲೂ ಹೋಯಿತು.

"ಮುಚ್ಚಿಲ್ಲ ಕಣೇ," ಎಂದೆ.

"ಹಾಗಿದ್ರೆ ನಿಮ್ಮ ವಾದ ಬಿತ್ತು."

"ಬಿತ್ತು."

ಅವಳು ನಗಲಿಲ್ಲ. ಗೋಡೆ ಹರಿದಿದ್ದ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಕತ್ತರಿಸಿದ ಬ್ರೆಡ್ಡಿನ ಹಾಗೆ ಅಲ್ಲಿ ಗೋಡೆಯ ಒಡಲು ಕಾಣುತ್ತಿತ್ತು. "ಇನ್ನೊಂದು ಕೆಟ್ಟ ಸುದ್ದಿ ಹೇಳ್ಲಾ? ಗೋಡೆ ಹಿಂದೆ ಜಲ್ಲಿ ಇರಬೇಕು ಅಂದ್ರಿ. ಬಿದ್ದಿರೋ ಕಡೆ ಬರೀ ಮಣ್ಣಿದೆ."

ಬಗ್ಗಿ ನೋಡಿದೆ. ನಿಂತ ಭಾಗದ ಬೆನ್ನಿಗೆ ಜಲ್ಲಿ ಒತ್ತಾಗಿ ತುಂಬಿತ್ತು. ಬಿದ್ದ ಭಾಗದಲ್ಲಿ ಜಿಗುಟು ಮಣ್ಣು ನೇರ ಕಲ್ಲಿಗೆ ಅಂಟಿಕೊಂಡಿತ್ತು. ಬೆನ್ನಿಗೆ ಜಲ್ಲಿ ಇಲ್ಲದ ಗೋಡೆ, ಒದ್ದೆ ಮಣ್ಣಿನ ಭಾರ, ಕೊನೆಯ ಮಳೆ. ಇನ್ನೇನು ಬೇಕು?

"ನಿಧಾನಪ್ಪ ಹಾಗೆ ಮಾಡೋನಲ್ಲ."

"ಗೊತ್ತು ಅತ್ತೆ. ನಿಮಗೆ ಗೊತ್ತು, ನನಗೂ ಗೊತ್ತು. ಕೋರ್ಟಿಗೆ ಗೊತ್ತಾಗಬೇಕಲ್ಲ! ನಮ್ಮನೆಗೆ ಬೇಕಾದೋನು ಅಂತ ನಾನು ಬಿಟ್ರೆ ನಾಳೆ ನನ್ನ ಬೆನ್ನಿಗೂ ಜಲ್ಲಿ ಇರಲ್ಲ." ಹೀಗೆಂದವಳು ತಟ್ಟನೆ ಮಾತು ನಿಲ್ಲಿಸಿದಳು. ಹರಿದ ಅಂಚಿನಲ್ಲಿ ಎರಡು ಕಲ್ಲುಗಳ ನಡುವೆ ಬೆರಳು ತೂರಿಸಿ ಏನನ್ನೋ ಕೆರೆದು ತೆಗೆದಳು. "ಇದೇನು?"

ಕಪ್ಪಗೆ ಒಣಗಿದ, ಪುಡಿಪುಡಿಯಾದ ಪದಾರ್ಥ. ಮೂಸಿದೆ. "ಪಾಚಿ."

"ಪಾಚಿ ಬೆಳೆಯೋದು ಗೋಡೆ ಮುಖದ ಮೇಲೆ ಅಲ್ವಾ? ಬೆಳಕು, ಗಾಳಿ ತಾಗೋ ಕಡೆ. ಎರಡು ಕಲ್ಲಿನ ಸಂದೀಲಿ ಒತ್ತಿ ಹಿಡಿದಿರೋ ಜಾಗಕ್ಕೆ ಹೇಗೆ ಬಂತು?"

ನಾನು ಕಡ್ಡಿ ಬಿಸಾಕಿ ಅವಳ ಪಕ್ಕ ಕೂತೆ. ಆಗ ಕಂಡಿತು, ನಿನ್ನೆಯಿಂದ ಕಣ್ಣೆದುರೇ ಇದ್ದು ಕಾಣದೇ ಹೋಗಿದ್ದು.

ನಮ್ಮ ಕೆಲಸದಲ್ಲಿ ಕಲ್ಲಿಗೆ ಮುಖಕ್ಕಿಂತ ಬಾಲ ಮುಖ್ಯ. ಗಿಡ್ಡ ತುದಿ ಹೊರಗೆ, ಉದ್ದದ ಬಾಲ ಗುಡ್ಡದ ಒಳಗೆ. ಆ ಬಾಲವೇ ಗೋಡೆಯನ್ನು ಗುಡ್ಡಕ್ಕೆ ಕಚ್ಚಿಸುವುದು. ಹರಿದ ಅಂಚಿನಲ್ಲಿದ್ದ ಕೆಲವು ಕಲ್ಲುಗಳು ಹಾಗೆ ಇರಲಿಲ್ಲ. ಗೋಡೆಯುದ್ದಕ್ಕೆ ಹಾಯಾಗಿ ಮಲಗಿದ್ದವು. ನೋಡಲು ಅಂದ, ಹಿಡಿತ ಇಲ್ಲ. ಮೊದಲು ಹೊರಗಿದ್ದ ಪಾಚಿಯ ಮುಖ ಈಗ ಪಕ್ಕದ ಕಲ್ಲಿಗೆ ಮುತ್ತು ಕೊಡುತ್ತಿತ್ತು.

"ಯಾರೋ ಇದನ್ನ ಬಿಚ್ಚಿದಾರೆ. ಬಿಚ್ಚಿ ಮತ್ತೆ ಜೋಡಿಸಿದಾರೆ," ಎಂದೆ. "ಕಲ್ಲಿನ ಕೆಲಸ ಬರದೋರು. ಕೆಲಸ ಬರದೋರು ಯಾವತ್ತೂ ಕಲ್ಲನ್ನ ಹೀಗೇ ಮಲಗಿಸೋದು. ಕಮ್ಮಿ ಕಲ್ಲಲ್ಲಿ ಜಾಸ್ತಿ ಜಾಗ ತುಂಬುತ್ತೆ ನೋಡು."

"ಶಭಾಷ್. ಹಾಗಾದ್ರೆ ಒಂದೇ ಪ್ರಶ್ನೆ." ಸೊಸೆ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡಳು. "ಒಳಗಿದ್ದ ಜಲ್ಲಿ ಎಲ್ಲಿ ಹೋಯ್ತು?"

ಜಲ್ಲಿ ಕರಗುವ ವಸ್ತುವಲ್ಲ, ಹಾರಿಹೋಗುವುದೂ ಇಲ್ಲ. ಕೆಳಮನೆಯ ಅಂಗಳ ಹುಡುಕಿದೆವು. ಬೀದಿಯ ಚರಂಡಿ ನೋಡಿದೆವು. ಕೊನೆಗೆ ಮೆಟ್ಟಿಲು ಹತ್ತಿ ಮೇಲ್ಮನೆಯ ಗೇಟು ತೆರೆದೆವು.

ಗೇಟಿನಿಂದ ಬಾಗಿಲವರೆಗೆ ಹೊಸದಾಗಿ ಹಾಸಿದ ಕಾಲುಹಾದಿ. ಅಂಗಳದ ಹಾದಿಗೆ ಜನ ನುಣ್ಣನೆಯ ಬೆಣಚುಕಲ್ಲು ಹಾಕುತ್ತಾರೆ. ಇಲ್ಲಿ ಹಾಕಿದ್ದು ಕೈಯಲ್ಲಿ ಒಡೆದ ಚೂಪು ಜಲ್ಲಿ. ಗೋಡೆಯದೇ ನೀಲಿ ಕಲ್ಲಿನ ಚೂರು. ಒಂದನ್ನು ಎತ್ತಿ ತಿರುಗಿಸಿದೆ. ಹೊಟ್ಟೆಯಡಿಯಲ್ಲಿ ಹಳೆಯ ಮಣ್ಣಿನ ಗೆರೆ.

ಸೊಸೆ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಅತ್ತೆ, ನಿಮ್ಮ ಹಲ್ಲು ನೋಯ್ತಿದೆ."

"ಇರೋದೇ ನಾಕು. ಅವು ಯಾಕೆ ನೋಯ್ತವೆ?"

"ಈಗ ನೋಯ್ತಿದೆ. ನಡೀರಿ."

ಮೇಲ್ಮನೆಯ ಯಜಮಾನಿ ಹಲ್ಲಿನ ಡಾಕ್ಟರಮ್ಮ. ಮನೆಯ ಮುಂದಿನ ಕೋಣೆಯೇ ಅವಳ ಕ್ಲಿನಿಕ್ಕು. ಕೆಳಮನೆಯನ್ನು ಕೊಂಡು ಕ್ಲಿನಿಕ್ಕು ದೊಡ್ಡದು ಮಾಡಬೇಕು ಅಂತ ಅವಳು ವಾಚಿನವನನ್ನು ಕೇಳಿದ್ದು, ಅವನು ಆಗುವುದಿಲ್ಲ ಅಂದದ್ದು, ಇಬ್ಬರೂ ಬೇಲಿಯ ಆಚೆ ಈಚೆ ನಿಂತು ಕೂಗಾಡಿದ್ದು ಬೀದಿಗೆಲ್ಲ ಗೊತ್ತು. ಗೋಡೆ ಬಿದ್ದಾಗ ನಿಧಾನಪ್ಪನ ಮೇಲೆ ದೂರು ಕೊಟ್ಟವಳೂ ಅವಳೇ.

ಕೋಣೆಯಲ್ಲಿ ಕೂರಲು ಇದ್ದದ್ದು ರೋಗಿಯ ಕುರ್ಚಿ ಒಂದೇ. ನನ್ನನ್ನು ಅದರಲ್ಲಿ ಮಲಗಿಸಿ ಡಾಕ್ಟರಮ್ಮ ದೀಪ ಎಳೆದಳು.

"ಎಲ್ಲಿ ನೋವು ಅಜ್ಜಿ?"

"ಕಾಲಲ್ಲಿ," ಎಂದೆ. "ನಿಮ್ಮ ಹಾದಿಯ ಜಲ್ಲಿ ಚುಚ್ತು."

ಅವಳ ಕೈ ಹಾಗೇ ನಿಂತಿತು. ಬಾಗಿಲಿಗೆ ಒರಗಿದ್ದ ಸೊಸೆ ಮೆಲ್ಲಗೆ ಕೇಳಿದಳು, "ದಿನಾ ಎಲ್ಲರ ಬಾಯಿ ಬಿಡಿಸೋರು ನೀವು. ಇವತ್ತು ನಮ್ಮ ಪಾಳಿ. ಆ ಜಲ್ಲಿ ಎಲ್ಲಿಂದ ತಂದ್ರಿ ಮೇಡಂ?"

"ಅದು... ನಾನು ತಂದಿದ್ದಲ್ಲ."

"ಅದೇ ನಡ್ಕೊಂಡು ಬಂತಾ?"

"ಕೊಟ್ಟಿದ್ದು."

"ಯಾರು?"

ಡಾಕ್ಟರಮ್ಮ ಕೈಗವಸು ಕಳಚಿದಳು. ಒಂದು ಬೆರಳಿಂದ, ಇನ್ನೊಂದು ಬೆರಳಿಂದ. ಉತ್ತರ ಹುಡುಕುವ ಹಾಗಿರಲಿಲ್ಲ, ಉತ್ತರ ಹೇಳಲು ನಾಚಿದ ಹಾಗಿತ್ತು.

"ವಾಚಿನವರು," ಎಂದಳು.

ನಾನು ಕುರ್ಚಿಯಲ್ಲಿ ಎದ್ದು ಕೂತೆ. ದೀಪ ಹಣೆಗೆ ಬಡಿಯಿತು.

"ಬೇಸಿಗೇಲಿ ಒಂದಿನ ಬುಟ್ಟಿ ಹೊತ್ಕೊಂಡು ಅವರೇ ಬಂದ್ರು. 'ಅಕ್ಕಪಕ್ಕದಲ್ಲಿ ಇರೋರು, ಮನಸ್ತಾಪ ಬೇಡ. ನನ್ನ ಹತ್ರ ಜಲ್ಲಿ ಮಿಕ್ಕಿದೆ, ನಿಮ್ಮ ಹಾದಿ ಮಳೇಲಿ ಕೆಸರಾಗುತ್ತಲ್ಲ' ಅಂದ್ರು. ಆಮೇಲೆ ದಿನಾ ಬರೋರು. ತಾವೇ ಸುರಿದು, ತಾವೇ ಹರಡಿ ಹೋಗೋರು. ಜಗಲೀಲಿ ಕಾಯ್ತಾ ಕೂತಿದ್ದ ರೋಗಿಗಳೆಲ್ಲ ನೋಡಿದಾರೆ. ನಾನು ರಾಜಿ ಮಾಡ್ಕೊಳ್ಳೋಕೆ ಬಂದಿದಾರೆ ಅಂದ್ಕೊಂಡೆ. ನನಗೂ ಖುಷಿಯಾಗಿತ್ತು."

"ಅದು ನಿಮ್ಮ ಅಂಗಳ ಹಿಡಿದಿದ್ದ ಗೋಡೆಯದೇ ಜಲ್ಲಿ ಅಂತ ನಿಮಗೆ ಗೊತ್ತಿರಲಿಲ್ಲ?" ಎಂದು ಸೊಸೆ ಕೇಳಿದಳು.

"ಏನು?"

ನಾನು ಹೇಳಿದೆ. ಬೆನ್ನಿನ ಜಲ್ಲಿ ಏಕೆ, ಅದು ಹೋದರೆ ಏನಾಗುತ್ತದೆ, ಮಲಗಿಸಿದ ಕಲ್ಲು, ಪಾಚಿ, ಎಲ್ಲ. ಕೇಳುತ್ತಾ ಕೇಳುತ್ತಾ ಅವಳು ಕಿಟಕಿಯ ಹತ್ತಿರ ಹೋದಳು. ಹಾದಿ ಅಲ್ಲಿಂದ ಕಾಣುತ್ತಿತ್ತು.

"ನನ್ನ ಗೋಡೆಯ ಬೆನ್ನುಮೂಳೆ ತುಳ್ಕೊಂಡೇ ಇಷ್ಟು ದಿನ ಓಡಾಡಿದೀನಿ," ಎಂದಳು.

ಸೊಸೆ ಬಿಡಲಿಲ್ಲ. "ಮೇಸ್ತ್ರಿ ಮೇಲೆ ದೂರು ಕೊಡೋಕೆ ಅಷ್ಟು ಅವಸರ ಯಾಕೆ ಮಾಡಿದ್ರಿ?"

"ಹೆದರಿಕೆ ಮೇಡಂ. ನನ್ನ ಅಂಗಳದ ಗೋಡೆ ಒಬ್ಬ ಮನುಷ್ಯನ ಮೇಲೆ ಬಿತ್ತು. ಕಟ್ಟಿದೋನ ತಪ್ಪಲ್ಲ ಅಂದ್ರೆ ಆಮೇಲೆ ನನ್ನದೇ ತಪ್ಪು. ಅಷ್ಟೇ ತಲೇಲಿ ಓಡಿದ್ದು." ಕಣ್ಣೊರೆಸಿಕೊಂಡಳು. "ಏನು ಬರೆದು ಕೊಡಬೇಕು ಹೇಳಿ, ಕೊಡ್ತೀನಿ."

ಬರೆದು ಕೊಟ್ಟಳು. ಅವಳ ರೋಗಿಗಳಲ್ಲಿ ಇಬ್ಬರು ಬುಟ್ಟಿ ನೋಡಿದ್ದು ನಿಜ ಅಂದರು. ಸೊಸೆ ಅಲ್ಲಿಂದಲೇ ತನ್ನ ದೊಡ್ಡ ಸಾಹೇಬರಿಗೆ ಫೋನು ಮಾಡಿದಳು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಅವಳ ಮುಖದ ಮೇಲೆ ಓದಿಕೊಂಡೆ.

"ಬುಟ್ಟಿ ಹೊತ್ತಿದ್ದು ನೋಡಿದೋರು ಇದಾರೆ, ಗೋಡೆ ಬಿಚ್ಚಿದ್ದು ನೋಡಿದೋರು ಯಾರೂ ಇಲ್ಲ ಅಂತಾರೆ," ಎಂದಳು ಫೋನಿಟ್ಟು. "ವಾಚಿನವರು ತಮ್ಮ ಬಾಯಿಂದ 'ನಾನೇ ಬಿಚ್ಚಿದೆ' ಅನ್ನಬೇಕಂತೆ. ಶನಿವಾರದೊಳಗೆ ಅನ್ನದಿದ್ರೆ ಕಾಗದ ಹೋಗುತ್ತೆ."

"ಅವನು ಕಣ್ಣೇ ಬಿಟ್ಟಿಲ್ವಲ್ಲೇ."

"ಬಿಡ್ತಾರೆ. ಆಮೇಲೆ ಇನ್ನೊಂದಿದೆ ಅತ್ತೆ. ಅಷ್ಟು ಜಲ್ಲಿ ತೆಗೆದ ಮೇಲೆ ಅಷ್ಟು ಜಾಗ ಖಾಲಿ ಆಯ್ತಲ್ಲ. ಆ ಜಾಗ ಅವರಿಗೆ ಯಾತಕ್ಕೆ ಬೇಕಿತ್ತು?"

ಗುರುವಾರ ಬೆಳಿಗ್ಗೆ ನಿಧಾನಪ್ಪನನ್ನು ಜೀಪಿನಲ್ಲಿ ಕರೆತಂದರು. ಉಳಿದ ಗೋಡೆ ಬೀಳದ ಹಾಗೆ ಕಲ್ಲುರಾಶಿ ತೆಗೆಯಲು ಬೇರೆ ಯಾರಿಗೂ ಧೈರ್ಯವಿರಲಿಲ್ಲ. ಜೀಪಿನಿಂದ ಇಳಿದವನು ನನ್ನನ್ನು ನೋಡಿ ಕೈ ಮುಗಿದ.

"ಅತ್ತಿಗೆ, ಊರಲ್ಲಿ ಏನಂತಿದಾರೆ?"

"ನಿಧಾನಪ್ಪ ಅವಸರದಲ್ಲಿ ಗೋಡೆ ಕಟ್ಟಿದ ಅಂತಿದಾರೆ."

"ಅಯ್ಯೋ," ಎಂದು ನಕ್ಕೇಬಿಟ್ಟ. "ನನ್ನ ಹೆಂಡ್ತಿ ಇದ್ದಿದ್ರೆ ಅವಳೇ ಬಂದು ಸಾಕ್ಷಿ ಹೇಳಿರೋಳು. ಮದುವೆ ಮುಹೂರ್ತಕ್ಕೇ ತಡವಾಗಿ ಬಂದೋನು ನಾನು."

ಮೊದಲು ನಿಂತ ಭಾಗಕ್ಕೆ ಮರದ ಆಸರೆ ಕೊಟ್ಟ. ಆಮೇಲೆ ರಾಶಿಯ ನೆತ್ತಿಯಿಂದ ಒಂದೊಂದೇ ಕಲ್ಲು ಎತ್ತಿದ. ಎತ್ತಿದ್ದನ್ನು ಬಿಸಾಡುವುದಿಲ್ಲ, ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ, ಗೋಡೆಯ ನೆತ್ತಿಗೆ ಕೂರಿಸುವ ತಲೆಗಲ್ಲು ಬೇರೆ. ಜೊತೆಗಿದ್ದ ಪೇದೆಗೆ ತಾಳ್ಮೆ ಕೆಟ್ಟಿತು.

"ಬುಡದಿಂದ ಒಂದು ಹಾರೆ ಮೀಟಿದ್ರೆ ಎಲ್ಲ ಒಟ್ಟಿಗೆ ಬರುತ್ತಲ್ಲಾ! ಹಿಂಗೇ ಆದ್ರೆ ನಾನು ಇಲ್ಲೇ ರಿಟೈರ್ ಆಗ್ತೀನಿ."

"ಆಗಪ್ಪ. ಪಿಂಚಣಿ ತಗೊಂಡು ಬಂದು ಬಾಂಡ್ಲಿ ಹಿಡಿ. ಬುಡ ಮೀಟಿದ್ರೆ ಡಾಕ್ಟರಮ್ಮನ ಅಂಗಳ ನಿನ್ನ ಟೋಪಿ ಮೇಲೆ ಬಂದು ಕೂರುತ್ತೆ."

ಮೇಲಿಂದ ಡಾಕ್ಟರಮ್ಮ ಇಣುಕಿದಳು. ಕೈಯಲ್ಲಿ ಚಹಾದ ತಟ್ಟೆ. ಕೆಳಗಿಳಿದು ಬಂದು ಮೊದಲ ಲೋಟ ನಿಧಾನಪ್ಪನ ಮುಂದೆ ಹಿಡಿದಳು.

"ನಾನು ತಪ್ಪು ಮಾಡಿದೆ ಮೇಸ್ತ್ರಿ. ಗೋಡೆ ಮತ್ತೆ ಕಟ್ಟಿಕೊಡ್ತೀರಾ? ಹಾದೀದೆಲ್ಲ ತೆಗೆದು ವಾಪಸ್ ಹಾಕಿ."

ಅವನು ಲೋಟ ತೆಗೆದುಕೊಂಡು ಬಹಳ ಹೊತ್ತು ಊದಿದ. "ಮಣ್ಣು ಆರಲಿ ಅಮ್ಮ. ಆಮೇಲೆ ನಿಮ್ಮ ಸೂರಿನ ನೀರು ಗೋಡೆ ಕಡೆ ಬರ್ತಿದೆ, ಅದನ್ನ ಬೀದಿ ಕಡೆ ತಿರುಗಿಸಿ. ಅಷ್ಟೊತ್ತಿಗೆ ಇವರು ನನ್ನ ಬಿಟ್ಟಿದ್ರೆ ಬರ್ತೀನಿ." ಎಂದು ಸೊಸೆಯ ಕಡೆ ನೋಡಿದ. ಅವಳ ಮುಖ ಗಡುಸಾಗಿರಲಿಲ್ಲ.

ಊಟದ ಹೊತ್ತಿಗೆ ಅವನ ಕೈ ನಿಂತಿತು.

"ಅತ್ತಿಗೆ, ಇಲ್ಲಿ ಮರ ಇದೆ."

ಕಲ್ಲು, ಮಣ್ಣು ಸರಿಸಿದಂತೆ ಹಲಗೆಗಳು ಕಂಡವು. ಗೋಡೆಯ ಬೆನ್ನಿಗಿದ್ದ ಜಲ್ಲಿಯ ಜಾಗವನ್ನು ದಾಟಿ ಗುಡ್ಡದೊಳಕ್ಕೂ ತೋಡಿ, ಮೇಲೆ ಕೆಳಗೆ ಹಲಗೆ ಬಡಿದು, ವಾಚಿನವನು ಒಂದು ಮಂಚದಷ್ಟು ಗೂಡು ಮಾಡಿದ್ದ. ವಾಚು ರಿಪೇರಿಯ ಕೈ, ಒಂದೊಂದು ಮೊಳೆಯೂ ಸಾಲಿಗೆ ಸಾಲು. ಶೆಡ್ಡಿನ ಕಪಾಟು ಸರಿಸಿದರೆ ಒಳಗೆ ತೆವಳಿಕೊಂಡು ಹೋಗುವಷ್ಟು ದಾರಿ ಇದ್ದಿರಬೇಕು.

"ಒಳಗೆ ಯಾರಾದ್ರೂ..." ಎಂದು ಡಾಕ್ಟರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಸೊಸೆ ಟಾರ್ಚು ಹಿಡಿದು ತಲೆ ತೂರಿಸಿದಳು. ನಾವೆಲ್ಲ ಅವಳ ಹಿಂದೆ ಒತ್ತಿಕೊಂಡು ನಿಂತೆವು. ಪೇದೆ ಕೂಡ ಆಕಳಿಸಲಿಲ್ಲ.

"ಯಾರೂ ಇಲ್ಲ," ಒಳಗಿನಿಂದ ದನಿ ಬಂತು. "ಚಾಪೆ ಇದೆ. ನೀರಿನ ಬಾಟ್ಲಿ ಇದೆ. ಬಾಚಣಿಗೆ ಇದೆ."

ಬಾಚಣಿಗೆಯನ್ನು ಹೊರಗೆ ಚಾಚಿದಳು. ಹಲ್ಲುಗಳಲ್ಲಿ ಉದ್ದನೆಯ ಕಪ್ಪು ಕೂದಲು ಸುತ್ತಿಕೊಂಡಿತ್ತು. ವಾಚಿನವನ ತಲೆ ತಾಮ್ರದ ಚೊಂಬಿನ ಹಾಗೆ ಬೋಳು.

"ಮೂಲೇಲಿ ಮೇಲಿನ ಹಲಗೆ ಕಿತ್ತಿದೆ. ಅಲ್ಲಿಂದ ಮಣ್ಣು ತೋಡಿ ದಾರಿ ಮಾಡಿದಾರೆ. ಬರಿಗೈಯಲ್ಲಿ. ಬೆರಳಿನ ಗುರುತು ಹಾಗೇ ಇದೆ."

ಮೇಲಿನ ಅಂಗಳಕ್ಕೆ ಓಡಿದೆವು. ಡಾಕ್ಟರಮ್ಮನ ಬೇಲಿಗಿಡದ ಬುಡದಲ್ಲಿ, ಎಲೆಗಳ ಮರೆಯಲ್ಲಿ, ಒಬ್ಬರು ನುಸುಳುವಷ್ಟು ಬಿಲ.

ಗೋಡೆ ಬಿದ್ದಾಗ ಒಳಗೆ ಒಬ್ಬಳು ಹೆಂಗಸಿದ್ದಳು. ಮೇಲೆ ಅಷ್ಟು ಭಾರ ಕೂತರೂ ಹಲಗೆ ಬಗ್ಗಿರಲಿಲ್ಲ. ಬದುಕಿ ಹೊರಗೆ ಬಂದಿದ್ದಳು. ನಿಧಾನಪ್ಪ ಆ ಬಿಲದ ಪಕ್ಕ ಕೂತು ಮಣ್ಣನ್ನು ಕೈಯಿಂದ ಸವರಿದ.

"ಬದುಕಿದಾಳಲ್ಲ, ಸಾಕು," ಎಂದ. "ಮರದ ಕೆಲಸ ಚೆನ್ನಾಗಿ ಮಾಡಿದಾನೆ ಅತ್ತಿಗೆ. ಕಲ್ಲಿನ ಕೆಲಸ ಒಂದು ಮಾತು ನನ್ನ ಕೇಳಿದ್ರೆ ಹೇಳಿಕೊಡ್ತಿದ್ದೆ."

ಅಷ್ಟರಲ್ಲಿ ಸೊಸೆಯ ಫೋನು ಬಡಿದುಕೊಂಡಿತು. ಕೇಳುತ್ತಾ ಕೇಳುತ್ತಾ ಅವಳ ಹುಬ್ಬು ಮೇಲೇರಿತು, ಆಮೇಲೆ ತುಟಿ ಬಿರಿಯಿತು.

"ವಾಚಿನವರು ಕಣ್ಣು ಬಿಟ್ಟಿದಾರೆ. ಮಾತಾಡ್ತಿದಾರಂತೆ. ಅತ್ತೆ, ಹತ್ತಿ ಜೀಪು!"

ನಿಧಾನಪ್ಪ ತಲೆಗೆ ಸುತ್ತಿದ್ದ ವಲ್ಲಿ ಬಿಚ್ಚಿ ಮುಖ ಒರೆಸಿಕೊಂಡ. ಬೆವರೋ ಇನ್ನೇನೋ, ನಾನು ನೋಡಲು ಹೋಗಲಿಲ್ಲ. "ನಾನು ಇಲ್ಲೇ ಕಲ್ಲು ವಿಂಗಡಿಸ್ತಾ ಇರ್ತೀನಿ," ಎಂದ. ಪೇದೆ ಈ ಸಲ ಬೈಯಲಿಲ್ಲ. ತೋಳು ಮಡಚಿ ತಾನೂ ಒಂದು ಕಲ್ಲಿಗೆ ಕೈ ಹಾಕಿದ.

ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಸೊಸೆ ಸಣ್ಣಗೆ ಏನೋ ಹಾಡಿಕೊಳ್ಳುತ್ತಿದ್ದಳು. ಮದುವೆಯಾಗಿ ನಮ್ಮನೆಗೆ ಬಂದ ಮೇಲೆ ಅವಳು ಹಾಡಿದ್ದು ನಾನು ಕೇಳಿದ್ದು ಕಡಿಮೆ.

ವಾರ್ಡಿನಲ್ಲಿ ನರ್ಸು ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು.

"ವಾಚಿನವರು ಎಲ್ಲಿ?" ಸೊಸೆ ಕೇಳಿದಳು.

"ಹೋದ್ರಲ್ಲ ಮೇಡಂ. ಈಗಷ್ಟೇ."

"ಹೋದ್ರಾ? ಯಾರು ಬಿಟ್ಟಿದ್ದು?"

"ಅವರ ಮಗಳು ಬಂದು ಕರ್ಕೊಂಡು ಹೋದ್ರು." ನರ್ಸಿನ ಮುಖ ಬಿಳಿಚಿತು. "ಪೊಲೀಸ್ನೋರು ಬರ್ತಿದಾರೆ, ಸ್ವಲ್ಪ ಇರಿ ಅಂದೆ. ಕೇಳಲಿಲ್ಲ. ಉಗುರಿನ ಸಂದೀಲಿ ಎಲ್ಲ ಮಣ್ಣು, ಬೆರಳು ಕಿತ್ತುಹೋಗಿತ್ತು. ಮದ್ದು ಹಚ್ತೀನಿ ಅಂದ್ರೂ ಕೈ ಕೊಡಲಿಲ್ಲ."

ಸೊಸೆ ನನ್ನನ್ನು ನೋಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ವಾಚಿನವನನ್ನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಬಲ್ಲವಳು ನಾನು. ಮದುವೆಯೂ ಇಲ್ಲ, ಮಕ್ಕಳೂ ಇಲ್ಲ.

"ಎಚ್ಚರ ಆದ ಮೇಲೆ ಅವರು ಏನಾದ್ರೂ ಹೇಳಿದ್ರಾ ಸಿಸ್ಟರ್? ಯೋಚನೆ ಮಾಡಿ ಹೇಳಿ."

"ಗೋಡೆ ವಿಷಯಕ್ಕೆ ಯಾರನ್ನಾದ್ರೂ ಹಿಡಿದಿದಾರಾ ಅಂತ ಕೇಳಿದ್ರು. ಮೇಸ್ತ್ರೀನ ಅಂದೆ. ಅತ್ತುಬಿಟ್ರು ಮೇಡಂ. 'ಅವನನ್ನ ಬಿಡಿಸಬೇಕು, ಪೊಲೀಸ್ನೋರನ್ನ ಕರೀರಿ, ಎಲ್ಲ ಹೇಳ್ತೀನಿ' ಅಂದ್ರು. ಅದಕ್ಕೇ ನಾನು ಫೋನ್ ಮಾಡಿದ್ದು. ಅಷ್ಟರಲ್ಲಿ ಆಕೆ ಬಂದ್ರು. ಆಕೆ ಮುಖ ನೋಡಿದ ಮೇಲೆ ಇವರು ಒಂದು ಮಾತೂ ಆಡಲಿಲ್ಲ."

ಸೊಸೆ ಆಗಲೇ ಮೆಟ್ಟಿಲಿನ ಕಡೆ ಓಡುತ್ತಿದ್ದಳು. ನನಗೆ ಓಡಲು ಆಗುವುದಿಲ್ಲ. ಅಲ್ಲೇ ನಿಂತು ಮಂಚದ ಕೆಳಗೆ ನೋಡಿದೆ. ಅವನ ಚಪ್ಪಲಿ ಜೋಡಿ ಹಾಗೇ ಇತ್ತು.

ನಿಜ ಹೇಳಬೇಕು ಅಂತ ಅವನ ಮನಸ್ಸಿಗೆ ಬಂದಿದೆ, ಅದು ನಿಧಾನಪ್ಪನ ಭಾಗ್ಯ. ಮಣ್ಣು ತೋಡಿ ಹೊರಬಂದವಳೇ ಈ ಮಗಳಿರಬೇಕು; ಅವಳು ಯಾರು, ಆ ಗೂಡಿನಲ್ಲಿ ಯಾಕಿದ್ದಳು ಅಂತ ವಾಚಿನವನೇ ಹೇಳಬೇಕು. ಅವನನ್ನು ಶನಿವಾರದೊಳಗೆ ಹುಡುಕಬೇಕು, ಅಷ್ಟೇ.

ವಾಚಿನವನು ಹೋದದ್ದು ಗುರುವಾರ, ಇನ್ನೂ ಹೊತ್ತು ಇಳಿಯುವ ಮುಂಚೆ. ಬರಿಗಾಲಲ್ಲಿ, ತನಗೆ ಎಂದೂ ಇಲ್ಲದ ಮಗಳ ಹೆಗಲು ಹಿಡಿದುಕೊಂಡು.